ನಂಜಣ್ಣನ ಕಾವು, ನನ್ನ ಗೆರೆ

ಗ್ರಾಫಿನ ಅಡ್ಡ ಗೆರೆ ಏನನ್ನು ಹೇಳುತ್ತದೆ, ಉದ್ದ ಗೆರೆ ಏನನ್ನು ಹೇಳುತ್ತದೆ ಎಂದು ಬರೆಯದ ಮಕ್ಕಳಿಗೆ ಅರ್ಧ ಅಂಕ ಕಳೆಯುವುದನ್ನು ನಾನು ಮೂವತ್ತು ವರ್ಷ ವ್ರತದಂತೆ ನಡೆಸಿಕೊಂಡು ಬಂದೆ. ಹುಣಸೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ‘ಅರ್ಧ ಮಾರ್ಕ್ಸ್ ಮೇಡಂ’ ಎನ್ನುತ್ತಿದ್ದರೆಂಬುದು ತಿಳಿದದ್ದು ಬೀಳ್ಕೊಡುಗೆಯ ದಿನ, ಅದೂ ಮೈಕಿನಲ್ಲಿ. ನಕ್ಕುಬಿಟ್ಟೆ. ಒಳಗೊಳಗೇ ಹೆಮ್ಮೆಯೂ ಆಯಿತೆಂದು ಈಗ ಒಪ್ಪಿಕೊಳ್ಳುತ್ತೇನೆ. ಅಂಥ ನಾನೇ ಹೋದ ಮಳೆಗಾಲದಲ್ಲಿ ಅಡ್ಡ ಗೆರೆಗೆ ಹೆಸರಿಲ್ಲದ ಗ್ರಾಫೊಂದನ್ನು ಬರೆದೆ. ಅದರಿಂದ ಒಬ್ಬ ಒಳ್ಳೆಯ ಮನುಷ್ಯನ ಮರ್ಯಾದೆ ಹೋಗುವುದರಲ್ಲಿತ್ತು.

ನನ್ನ ತವರು ರಾವಂದೂರಿನಾಚೆಯ ಒಂದು ಹಳ್ಳಿ. ತಮ್ಮ ಮಹದೇವ ಅಲ್ಲಿ ಹೊಗೆಸೊಪ್ಪು ಬೆಳೆಯುತ್ತಾನೆ. ನಮ್ಮ ಮನೆಯಲ್ಲಿ ಒಬ್ಬರೂ ಬೀಡಿ ಸೇದುವವರಿಲ್ಲ, ಎಲೆಅಡಿಕೆ ಜೊತೆಗೆ ಕಡ್ಡಿಪುಡಿ ಹಾಕುವವರೂ ಇಲ್ಲ. ಆದರೂ ಮೂರು ತಲೆಮಾರಿಗೆ ಅನ್ನ ಹಾಕಿರುವುದು ಆ ಸೊಪ್ಪೇ. ಹೊಲದಲ್ಲಿ ಸೊಪ್ಪು ಮುರಿದು ತಂದು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಅಂಗೈಯಗಲದ ಗಾಜಿನ ಕಿಂಡಿಯೊಂದನ್ನು ಬಿಟ್ಟರೆ ಆ ಮನೆಗೆ ಕಿಟಕಿಯೆಂಬುದಿಲ್ಲ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಕಾವು ದಪ್ಪ ಕೊಳವೆಗಳಲ್ಲಿ ಒಳಗೆ ಹರಿಯುತ್ತದೆ. ಆರು ದಿನ ಆ ಕಾವನ್ನು ಹದವಾಗಿ ಏರಿಸುತ್ತ ಹೋದರೆ ಹಸಿರು ಸೊಪ್ಪು ಹೊಂಬಣ್ಣಕ್ಕೆ ತಿರುಗಿ ಒಣಗುತ್ತದೆ. ನಡುವೆ ಒಂದು ಘಟ್ಟವಿದೆ. ಹಸಿ ಆರದ ಸೊಪ್ಪಿಗೆ ಆಗ ಒಮ್ಮೆಲೇ ಕಾವು ಹೊಡೆದರೆ ಮೈಯೆಲ್ಲ ಕಂದುಗಟ್ಟಿಬಿಡುತ್ತದೆ, ಮತ್ತೆ ಅದನ್ನು ಯಾರೂ ಸರಿಮಾಡಲಾರರು.

ಈ ಹದ ಕಾಯುವವನು ನಂಜಣ್ಣ. ದೂರದ ಸಂಬಂಧದಲ್ಲಿ ನನಗೆ ಅಣ್ಣನಾಗಬೇಕು. ಅಪ್ಪನ ಕಾಲದಿಂದ ನಮ್ಮ ಬ್ಯಾರನ್ನಿನ ಕಾವು ಅವನ ಕೈಯಲ್ಲೇ ಇದೆ. ಕಿಂಡಿಗೆ ಟಾರ್ಚ್ ಹಿಡಿದು ಒಳಗೆ ತೂಗುವ ಥರ್ಮಾಮೀಟರ್ ನೋಡುತ್ತಾನೆ ನಿಜ. ಆದರೆ ಅದಕ್ಕೆ ಮುಂಚೆಯೇ ಗೋಡೆಗೆ ಅಂಗೈ ಒತ್ತಿ ಎಷ್ಟಿದೆಯೆಂದು ಹೇಳಿಬಿಟ್ಟಿರುತ್ತಾನೆ. ಥರ್ಮಾಮೀಟರ್ ನೋಡುವುದು ಅದು ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ! ಚಿಕ್ಕವಳಿದ್ದಾಗ ನಾನು ಆ ಅಂಗೈಯನ್ನು ತಿರುಗಿಸಿ ಹುಡುಕಿದ್ದುಂಟು, ಡಿಗ್ರಿ ಗೆರೆಗಳು ಎಲ್ಲಾದರೂ ಇವೆಯೇ ಎಂದು.

ಬ್ಯಾರನ್ ಕಾಯುವುದು ಸರದಿಯ ಕೆಲಸ. ಆಗ ಅಪ್ಪ ಮತ್ತು ನಂಜಣ್ಣ, ಈಗ ಮಹದೇವ ಮತ್ತು ನಂಜಣ್ಣ. ಅದಕ್ಕೊಂದು ರೂಢಿ ಇದೆ. ಸರದಿಗೆ ಬಂದವನು ಕೂತವನಿಗೆ “ನಾನ್ ಬಂದಿವ್ನಿ, ನೀನ್ ಮನೀಕೋ ಓಗು” ಅನ್ನಬೇಕು. ಅಂದ ಮೇಲೆ ಕೂತವನು ಎದ್ದು ಹೋಗಿ ಮಲಗಲೇಬೇಕು, ನಿದ್ದೆ ಬರದಿದ್ದರೂ ಸರಿ. ಇಬ್ಬರೂ ಎಚ್ಚರವಿದ್ದರೆ ಮಾತಿಗೆ ಬೀಳುತ್ತಾರೆ, ಒಲೆ ತಣ್ಣಗಾಗುತ್ತದೆ ಎಂಬುದು ಹಿರಿಯರ ಲೆಕ್ಕ. ಈ ರೂಢಿಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನೋಡಿದ್ದೂ ಬೇಕಾದಾಗ ನೆನಪಿಗೆ ಬರಲಿಲ್ಲ.

ನಿವೃತ್ತಿಯಾದ ಮೇಲೆ ನನಗೆ ಹೊಸದೊಂದು ಹುಚ್ಚು ಹಿಡಿಯಿತು. ಬೆರಳುದ್ದದ ಮೈಕ್ರೋಕಂಟ್ರೋಲರ್ ಹಲಗೆಗಳು ಅಂಚೆಯಲ್ಲಿ ಮನೆ ಬಾಗಿಲಿಗೇ ಬರುತ್ತವೆ. ಅವಕ್ಕೆ ಸೆನ್ಸರ್ ಜೋಡಿಸಿ, ನಾಲ್ಕು ಸಾಲು ಪ್ರೋಗ್ರಾಂ ಬರೆದರೆ ಅವು ತಾವಾಗಿಯೇ ಅಳೆಯುತ್ತವೆ, ಬರೆದಿಡುತ್ತವೆ. ಮೂವತ್ತು ವರ್ಷ ಒಡೆದ ಬೀಕರು, ತುಕ್ಕು ಹಿಡಿದ ಸ್ಪ್ರಿಂಗುಗಳ ಜೊತೆ ಏಗಿದವಳಿಗೆ ಇದು ದೇವಲೋಕ. ಮೊದಲು ಫ್ರಿಜ್ಜಿನ ತಂಪು ಅಳೆದೆ. ಆಮೇಲೆ ಮೊಸರು ಹೆಪ್ಪಾಗುವ ಪಾತ್ರೆಗೆ ಸೆನ್ಸರ್ ಇಳಿಬಿಟ್ಟು ನನ್ನವರಿಂದ ಬೈಸಿಕೊಂಡೆ. ಕೊನೆಗೆ ಕಣ್ಣು ತವರಿನ ಬ್ಯಾರನ್ ಮೇಲೆ ಬಿತ್ತು.

ಊಟದ ಡಬ್ಬಿಯೊಂದರಲ್ಲಿ ಹಲಗೆ, ತನ್ನದೇ ಸೆಲ್ಲಿನಿಂದ ನಡೆಯುವ ಪುಟ್ಟದೊಂದು ಗಡಿಯಾರದ ಚಿಪ್, ಬರೆದಿಡಲು ಮೆಮೊರಿ ಕಾರ್ಡು, ದೊಡ್ಡದೊಂದು ಪವರ್ ಬ್ಯಾಂಕ್ ಎಲ್ಲವನ್ನೂ ಕೂರಿಸಿದೆ. ಪಕ್ಕದಲ್ಲಿ ಆರಿಸುವ, ಹಚ್ಚುವ ಗುಂಡಿ. ಸೆನ್ಸರಿನ ತಂತಿಯನ್ನು ಕಿಂಡಿಯ ಸಂದಿಯಿಂದ ಒಳಕ್ಕೆ ಬಿಟ್ಟೆ. ಹತ್ತು ನಿಮಿಷಕ್ಕೊಮ್ಮೆ ಅದು ಹೊತ್ತು ಮತ್ತು ಕಾವು ಎರಡನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳುತ್ತದೆ ಎಂದು ವಿವರಿಸಿದೆ. ಮಹದೇವ ‘ಹೂಂ’ ಎಂದವನು ಆಮೇಲೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ನಂಜಣ್ಣ ಮಾತ್ರ ಗುಂಡಿ ಒತ್ತುವುದನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡ. ಬ್ಯಾರನ್ ಹಚ್ಚುವ ದಿನ ಒಲೆಗೆ ಇಟ್ಟಂತೆ ಡಬ್ಬಿಗೂ ವಿಭೂತಿ ಇಟ್ಟು ಕೈಮುಗಿದ. ನನಗೆ ನಗು ಬಂತು. ಆ ನಗುವನ್ನು ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

ಆರು ದಿನ ಕಳೆದು ಬಾಗಿಲು ತೆಗೆದಾಗ ಸೊಪ್ಪು ಹೊಂಬಣ್ಣವಾಗಿರಲಿಲ್ಲ. ಅರ್ಧಕ್ಕರ್ಧ ಕಂದುಗಟ್ಟಿತ್ತು. ಮಹದೇವನ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಏನಾಯಿತೆಂದು ನಿನ್ನ ಡಬ್ಬಿಯನ್ನೇ ಕೇಳಕ್ಕ ಎಂದ. ನಾನು ಮೆಮೊರಿ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹುಣಸೂರಿಗೆ ಬಸ್ಸು ಹತ್ತಿದೆ.

ಇಲ್ಲಿ ಕಂಪ್ಯೂಟರಿನ ಒಂದು ಗುಣ ಹೇಳಬೇಕು. ನಮ್ಮಮ್ಮನ ಕೈಗೆ ಏನಾದರೂ ಕೊಟ್ಟು “ಸಾರು ಮಾಡವ್ವ” ಅಂದರೆ ಸಾಕಿತ್ತು. ಹುರುಳಿ ಕೊಟ್ಟರೆ ಒಂದು ಬಗೆ, ದಂಟಿನ ಸೊಪ್ಪು ಕೊಟ್ಟರೆ ಇನ್ನೊಂದು ಬಗೆ, ಅವರೆಕಾಳು ಕೊಟ್ಟರೆ ಮತ್ತೊಂದು. ಕೆಲಸದ ಹೆಸರು ಒಂದೇ. ಕೈಗೆ ಬಂದದ್ದನ್ನು ನೋಡಿ ದಾರಿಯನ್ನು ಅವಳೇ ಆರಿಸಿಕೊಳ್ಳುತ್ತಿದ್ದಳು. ಪ್ರೋಗ್ರಾಂಗಳಲ್ಲೂ ಹೀಗೆಯೇ. ಗ್ರಾಫ್ ಬರೆ ಎನ್ನುವ ಫಂಕ್ಷನ್ನಿನ ಹೆಸರು ಒಂದೇ, ಆದರೆ ಆ ಹೆಸರಿನ ಹಿಂದೆ ನಾಲ್ಕಾರು ಮಂದಿ ನಿಂತಿರುತ್ತಾರೆ. ಒಂದೇ ಪಟ್ಟಿ ಕೊಟ್ಟರೆ ಒಬ್ಬ ಮುಂದೆ ಬಂದು ಒಂದು, ಎರಡು, ಮೂರು ಎಂದು ವರಸೆಯಾಗಿ ಚುಕ್ಕಿ ಇಟ್ಟು ಎಳೆಯುತ್ತಾನೆ. ಹೊತ್ತಿನ ಪಟ್ಟಿ, ಕಾವಿನ ಪಟ್ಟಿ ಎರಡನ್ನೂ ಬೇರೆಬೇರೆಯಾಗಿ ಕೊಟ್ಟರೆ ಇನ್ನೊಬ್ಬ ಬಂದು ಒಂದರ ಎದುರು ಒಂದನ್ನು ಇಡುತ್ತಾನೆ. ಎರಡನ್ನೂ ಸೇರಿಸಿ ಒಂದೇ ಕೋಷ್ಟಕವಾಗಿ ಕೊಟ್ಟರೆ ಮೂರನೆಯವನು ಎರಡು ಗೆರೆ ಎಳೆದು ಕೂರುತ್ತಾನೆ. ಇದಕ್ಕೆ ಆ ಲೋಕದಲ್ಲಿ ಫಂಕ್ಷನ್ ಓವರ್‌ಲೋಡ್ ಎನ್ನುತ್ತಾರೆ. ಓವರ್‌ಲೋಡ್ ಎಂದರೆ ದಿಮ್ಮಿ ಹೇರಿದ ಲಾರಿ ಎಂದಷ್ಟೇ ತಿಳಿದಿದ್ದ ನನಗೆ ಇದನ್ನು ಅರಗಿಸಿಕೊಳ್ಳಲು ಒಂದು ವಾರ ಹಿಡಿದಿತ್ತು.

ಅಮ್ಮನಿಗೂ ಕಂಪ್ಯೂಟರಿಗೂ ಒಂದೇ ವ್ಯತ್ಯಾಸ. ಕೈಗೆ ಕೊಟ್ಟದ್ದು ಏನೆಂದು ತಿಳಿಯದಿದ್ದರೆ ಅಮ್ಮ “ಇದೇನೇ ಇದು?” ಎಂದು ಕೇಳುತ್ತಿದ್ದಳು. ಕಂಪ್ಯೂಟರು ಕೆಂಪಕ್ಷರದಲ್ಲಿ ಒಂದು ಪುಟ ಬೈಯುತ್ತದೆ. ನನ್ನ ಡಬ್ಬಿ ಹೊತ್ತನ್ನು ಅಕ್ಷರಗಳಾಗಿ ಬರೆದಿಟ್ಟಿತ್ತು, ನಾವು ಚೀಟಿಯಲ್ಲಿ ಬೆಳಿಗ್ಗೆ ಆರು ಗಂಟೆ ಎಂದು ಬರೆದಂತೆ. ಅದು ಓದುವುದಕ್ಕೆ ಸರಿ, ಅಳೆಯುವುದಕ್ಕಲ್ಲ. ಇಂಥ ಸಾಮಗ್ರಿಗೆ ಹೊಂದುವ ಫಂಕ್ಷನ್ ನಮ್ಮಲ್ಲಿಲ್ಲ ಎಂದು ಅದು ಮತ್ತೆಮತ್ತೆ ಹೇಳಿತು. ನಾನು ಕಂಸ ಬದಲಿಸಿದೆ, ಅಲ್ಪವಿರಾಮ ಬದಲಿಸಿದೆ, ಕನ್ನಡಕ ಬದಲಿಸಿದೆ. ಕೊನೆಗೆ ರೋಸಿಹೋಗಿ ಹೊತ್ತಿನ ಸಾಲನ್ನೇ ಅಳಿಸಿ ಬರೀ ಕಾವನ್ನು ಕೊಟ್ಟೆ. ತಕ್ಷಣ ಗೆರೆ ಬಂತು! ಬೈಗುಳವಿಲ್ಲ, ತಕರಾರಿಲ್ಲ. ಇಷ್ಟು ಸುಲಭವಾಗಿ ಬಂದದ್ದರ ಮೇಲೆ ಅನುಮಾನ ಪಡುವುದನ್ನು ಮಕ್ಕಳಿಗೆ ಕಲಿಸಿದ್ದ ನಾನು, ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಮರುದಿನವೇ ತವರಿಗೆ ಹೋದೆ.

ಬ್ಯಾರನ್ ಮುಂದಿನ ಕಟ್ಟೆಯ ಮೇಲೆ ಹಾಳೆ ಬಿಡಿಸಿದೆ. ಮಹದೇವ ಬಗ್ಗಿ ನೋಡಿ ನಡುವೆ ಒಂದು ಕಡೆ ಬೆರಳಿಟ್ಟ. “ಇಲ್ಲೇನಕ್ಕ, ಗೋಡೆ ಎದ್ದಂಗೈತಲ್ಲ?”

ನನ್ನೊಳಗಿನ ಮೇಡಂ ಎದ್ದು ನಿಂತಳು. ಕಾವು ಇಲ್ಲಿ ನೂರು ಡಿಗ್ರಿ ಫ್ಯಾರನ್‌ಹೀಟಿನಿಂದ ನೂರ ಹದಿನೆಂಟಕ್ಕೆ ಒಂದೇ ಹೆಜ್ಜೆಯಲ್ಲಿ ಜಿಗಿದಿದೆ ಎಂದು ಸ್ಪಷ್ಟವಾಗಿ, ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದೆ.

“ಅಂಗಾರೆ ನಂಜಣ್ಣ ಒಂದೇ ಏಟ್ಗೆ ಸೌದೆ ತುಂಬವ್ನೆ ಕಣಕ್ಕ,” ಎಂದ ಮಹದೇವ. “ಕೂತು ಕಾಯಾಕೆ ಬ್ಯಾಸರ ಆಗೈತೆ. ಅದ್ಕೇ ಸೊಪ್ಪು ಇಂಗಾಗಿರೋದು.”

ನಂಜಣ್ಣ ಅಲ್ಲೇ ನಿಂತಿದ್ದ. ಹಾಳೆಯನ್ನು ನೋಡಲಿಲ್ಲ, ಮಹದೇವನನ್ನೂ ನೋಡಲಿಲ್ಲ, ಡಬ್ಬಿಯನ್ನು ನೋಡಿದ. “ನಾನ್ ಅಂಗ್ ಮಾಡಿಲ್ಲ ಕಣವ್ವ,” ಎಂದಷ್ಟೇ ಹೇಳಿ ಟಾರ್ಚನ್ನು ಕಿಂಡಿಯ ಕೆಳಗಿಟ್ಟು ಮನೆಗೆ ಹೊರಟುಹೋದ. ಅಪ್ಪ ತೀರಿಕೊಂಡ ದಿನವೂ ಆ ಟಾರ್ಚನ್ನು ಅವನು ಕೆಳಗಿಟ್ಟವನಲ್ಲ. ಮುಂದಿನ ಸೊಪ್ಪು ಮುರಿಯಲು ಮೂರು ದಿನವಷ್ಟೇ ಇತ್ತು. ಪಿರಿಯಾಪಟ್ಟಣದಿಂದ ಬೇರೆ ಯಾರನ್ನಾದರೂ ಕರೆಸುತ್ತೇನೆ ಎಂದ ಮಹದೇವ. ಅಷ್ಟು ವರ್ಷದ ನಂಬಿಕೆ ಒಂದು ಹಾಳೆಯ ಮೇಲೆ ಮುಗಿದಿತ್ತು. ಆ ಹಾಳೆ ನನ್ನದು.

ಬಸ್ಸಿನಲ್ಲಿ ಕೂತು ಅದನ್ನೇ ಮಡಿಸಿದೆ, ಬಿಡಿಸಿದೆ. ಏನೋ ಚುಚ್ಚುತ್ತಿತ್ತು. ಹುಣಸೂರು ಹತ್ತಿರವಾದಾಗ ಕಣ್ಣು ಅಡ್ಡ ಗೆರೆಯ ಮೇಲೆ ಬಿತ್ತು. ಹೆಸರಿಲ್ಲ! ಬರೀ ಅಂಕಿಗಳು, ಐನೂರ ಹತ್ತಕ್ಕೆ ಮುಗಿದಿವೆ. ಹತ್ತು ನಿಮಿಷಕ್ಕೊಂದರಂತೆ ದಿನಕ್ಕೆ ನೂರ ನಲವತ್ತನಾಲ್ಕು. ಆರು ದಿನಕ್ಕೆ ಎಂಟುನೂರ ಅರವತ್ತನಾಲ್ಕು ಇರಬೇಕಿತ್ತು. ಉಳಿದವು ಎಲ್ಲಿ? ನನ್ನದೇ ವಿದ್ಯಾರ್ಥಿನಿಯಾಗಿದ್ದರೆ ಅರ್ಧವಲ್ಲ, ಪೂರ್ತಿ ಅಂಕ ಕಳೆದು ಹೊರಗೆ ನಿಲ್ಲಿಸುತ್ತಿದ್ದೆ.

ಮರುದಿನ ಬೆಳಿಗ್ಗೆಯೇ ಲ್ಯಾಪ್‌ಟಾಪ್ ಮುಂದೆ ಕೂತೆ. ಅಳಿಸಿದ್ದ ಹೊತ್ತಿನ ಸಾಲನ್ನು ಮತ್ತೆ ತಂದೆ, ಅಕ್ಷರವನ್ನು ಅಂಕಿಯಾಗಿಸುವ ದಾರಿ ಹುಡುಕಿದೆ. ಕಂಪ್ಯೂಟರುಗಳು ಕಾಲವನ್ನು ಹೇಗೆ ಎಣಿಸುತ್ತವೆಂದು ತಿಳಿದದ್ದು ಆಗ. ಸಾವಿರದ ಒಂಬೈನೂರ ಎಪ್ಪತ್ತರ ಜನವರಿ ಒಂದನೇ ತಾರೀಖಿನಿಂದ ಸೆಕೆಂಡು ಸೆಕೆಂಡಾಗಿ ಎಣಿಸುತ್ತಲೇ ಇವೆಯಂತೆ. ಆ ಎಣಿಕೆ ಶುರುವಾದ ಹೊತ್ತಿಗೆ ನಾನು ಬ್ಯಾರನ್ ಮುಂದೆ ಮಣ್ಣು ತಿನ್ನುತ್ತಿದ್ದ ಮಗು. ನಮ್ಮ ಬ್ಯಾರನ್ನಿನ ಒಂದು ಬೆಳಗು ಕೂಡ ಆ ಎಣಿಕೆಯಲ್ಲಿ ಹತ್ತಂಕಿಯ ಒಂದು ಸಂಖ್ಯೆ. ನನಗೆ ಮೈ ಜುಮ್ಮೆಂದಿತು. ಗೃಹಪ್ರವೇಶಗಳಲ್ಲಿ ಪುರೋಹಿತರು ಸಂಕಲ್ಪ ಹೇಳುವುದನ್ನು ಕೇಳಿದ್ದೇನೆ. ಕಲ್ಪ, ಮನ್ವಂತರ, ಯುಗ, ಸಂವತ್ಸರ, ಮಾಸ, ತಿಥಿ ಎಂದು ಸೃಷ್ಟಿಯ ತುದಿಯಿಂದ ಇಳಿದು ಬಂದು ಈ ಕ್ಷಣದ ಮೇಲೆ ಬೆರಳಿಟ್ಟು, ಆಮೇಲೆ ತಾನೇ ಬೇಡಿಕೆ ಮಂಡಿಸುವುದು! ಯಾವಾಗ ಎಂಬುದನ್ನು ಹೇಳದೆ ದೇವರ ಹತ್ತಿರವೂ ಮಾತಾಡುವಂತಿಲ್ಲ. ನಾನು ಆ ಸಾಲನ್ನೇ ಅಳಿಸಿ ಒಬ್ಬ ಮನುಷ್ಯನ ಮೇಲೆ ತೀರ್ಪು ಕೊಟ್ಟಿದ್ದೆ.

ಹತ್ತಂಕಿಯ ಸಂಖ್ಯೆಗಳನ್ನು ಕಾವಿನ ಜೊತೆ ಒಂದೇ ಕೋಷ್ಟಕವಾಗಿ ಕೊಟ್ಟುಬಿಟ್ಟೆ. ಮೂರನೆಯವನು ಬಂದ. ಹಾಳೆಯ ನೆತ್ತಿಯಲ್ಲೊಂದು ಗೆರೆ, ಪಾದದಲ್ಲೊಂದು ಗೆರೆ, ಎರಡೂ ನೇರ. ಮೇಲಿನದು ಕಾಲ. ಕೆಳಗಿನದು ನಮ್ಮ ಒಲೆಯ ಆರು ದಿನದ ಕಾವು, ನೆಲಕ್ಕೆ ಅಂಟಿಕೊಂಡಿದೆ. ಕಾಲದ ಎದುರು ನಮ್ಮ ಸೌದೆಯ ಉರಿ ಇಷ್ಟೇ ತಾನೇ ಎನ್ನಿಸಿತು.

ಆಗ ನೆನಪಾದದ್ದು ನಂಜಣ್ಣನೇ. ಸೊಪ್ಪು ಬೇಯುವಾಗ ಅವನನ್ನು ಗಂಟೆ ಎಷ್ಟೆಂದು ಕೇಳಿದರೆ “ಒಲೆ ಅಚ್ಚಿ ಎಲ್ಡಗಲು ಒಂದ್ರಾತ್ರಿ ಆತು” ಎನ್ನುತ್ತಾನೆ. ಅವನಿಗೆ ಕಾಲ ಹುಟ್ಟುವುದು ಒಲೆ ಹಚ್ಚಿದಾಗ. ಸರಿ, ನಾನೂ ಎಲ್ಲ ಸಂಖ್ಯೆಗಳಿಂದ ಒಲೆ ಹಚ್ಚಿದ ಕ್ಷಣವನ್ನು ಕಳೆದು ನಿಮಿಷಕ್ಕೆ ಇಳಿಸಿದೆ. ಗ್ರಾಫ್ ಮತ್ತೆ ಬಂತು, ಮತ್ತೆ ಎರಡು ಗೆರೆಗಳೇ ಬಂದವು. ನಾನು ಪುನಃ ಕೋಷ್ಟಕವನ್ನೇ ಕೊಟ್ಟಿದ್ದೆ. ಆದರೆ ಈ ಸಲ ಕಾಲದ ಗೆರೆಯನ್ನು ನೋಡಿ ಎದ್ದು ನಿಂತೆ. ಕಾಲ ಸಮನಾಗಿ ಏರಬೇಕಲ್ಲವೇ? ಇದು ಏರುತ್ತ ಏರುತ್ತ ಅಲ್ಲಲ್ಲಿ ಮೆಟ್ಟಿಲಿನ ಹಾಗೆ ಜಿಗಿದಿತ್ತು. ಜಿಗಿದದ್ದು ಕಾವಲ್ಲ, ಹೊತ್ತು! ಡಬ್ಬಿ ಅಷ್ಟಷ್ಟು ಹೊತ್ತು ಅಳೆಯುವುದನ್ನೇ ನಿಲ್ಲಿಸಿತ್ತು.

ಎರಡು ಪಟ್ಟಿಗಳನ್ನು ಬೇರೆಬೇರೆಯಾಗಿ ಕೊಟ್ಟೆ. ಕೊನೆಗೂ ಸರಿಯಾದವನು ಮುಂದೆ ಬಂದ. ಗೆರೆ ಎಳೆಯಬೇಡ, ಚುಕ್ಕಿ ಮಾತ್ರ ಇಡು ಎಂದೆ. ಚುಕ್ಕಿಗಳ ನಡುವೆ ಅಲ್ಲಲ್ಲಿ ಬಟಾಬಯಲು. ಎಲ್ಲಕ್ಕಿಂತ ದೊಡ್ಡ ಬಯಲು ಮೂರನೆಯ ದಿನ, ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ. ಅದರ ಈ ದಡದಲ್ಲಿ ನೂರು ಡಿಗ್ರಿ, ಆ ದಡದಲ್ಲಿ ನೂರ ಹದಿನೆಂಟು. ನಾವು ಗೋಡೆ ಎಂದದ್ದು ಎಂಟು ಗಂಟೆ ಅಗಲದ ಏರು. ಗಂಟೆಗೆ ಎರಡು ಡಿಗ್ರಿಗಿಂತ ಚೂರು ಹೆಚ್ಚು, ತೊಟ್ಟಿಲು ತೂಗಿದಷ್ಟು ಮೆತ್ತಗೆ. ಪುಸ್ತಕದಲ್ಲಿ ಬರೆದಿರುವುದೂ ಅಷ್ಟೇ, ನಂಜಣ್ಣ ಎಂದೂ ತೆರೆಯದ ಪುಸ್ತಕದಲ್ಲಿ.

ಹಾಗಾದರೆ ಸೊಪ್ಪು ಕಂದಿದ್ದೇಕೆ? ಮಹದೇವನಿಗೆ ಫೋನ್ ಮಾಡಿ ನನ್ನ ತಪ್ಪನ್ನೆಲ್ಲ ಹೇಳಿದೆ. ಆಗ ಅವನು, ಮೂಲೆ ಹೊಲದ ಸೊಪ್ಪನ್ನು ಮಳೆ ನಿಂತ ಮರುದಿನವೇ ಮುರಿಸಿದ್ದೆ, ಎರಡು ಬಿಸಿಲು ಕಾಣಲಿ ಎಂದು ನಂಜಣ್ಣ ಹೇಳಿದ್ದ, ನಾನು ಕೇಳಲಿಲ್ಲ ಎಂದ. ನೀರು ಕುಡಿದ ಸೊಪ್ಪಿಗೆ ಎಂಥ ಹದ ಕೊಟ್ಟರೂ ಅಷ್ಟೇ. ಅರ್ಧವನ್ನಾದರೂ ಉಳಿಸಿದ್ದು ನಂಜಣ್ಣನ ಕೈ.

ಆದರೆ ಡಬ್ಬಿಯನ್ನು ಆರಿಸಿದ್ದು ಯಾರು?

ಅಕ್ಕ ತಮ್ಮ ಇಬ್ಬರೂ ನಂಜಣ್ಣನ ಮನೆಗೆ ಹೋದೆವು. ಅವನು ಜಗಲಿಯ ಮೇಲೆ ಕೂತು ಸೊಪ್ಪು ಕಟ್ಟುವ ದಾರದ ಸಿಕ್ಕು ಬಿಡಿಸುತ್ತಿದ್ದ. ಬ್ಯಾರನ್ ಬಿಟ್ಟು ಹೋದವನ ಕೈಯಲ್ಲಿ ಬ್ಯಾರನ್ನಿನದೇ ದಾರ. ನಾನು ಹೊಸ ಹಾಳೆಯನ್ನು ಅವನ ಮುಂದಿಟ್ಟೆ. ತಪ್ಪು ನನ್ನದು, ನೀನು ಹೇಳಿದ್ದೇ ನಿಜ ಎಂದೆ. ಅವನು ಚುಕ್ಕಿಗಳ ಮೇಲೆ ಬೆರಳು ಓಡಿಸುತ್ತ ಬಂದು ದೊಡ್ಡ ಬಯಲಿನಲ್ಲಿ ನಿಲ್ಲಿಸಿದ.

“ಇಲ್ಯಾಕವ್ವ ಏನೂ ಇಲ್ಲ? ಇಂಕು ಮುಗ್ದೋಯ್ತಾ?”

“ಅಷ್ಟು ಹೊತ್ತು ಡಬ್ಬಿ ಆರಿತ್ತು ನಂಜಣ್ಣ. ಯಾರು ಆರಿಸಿದ್ದು ಅಂತ ಗೊತ್ತಾ?”

“ನಾನೇ ಕಣವ್ವ,” ಎಂದ, ಇದರಲ್ಲಿ ಕೇಳುವುದೇನಿದೆ ಎಂಬಂತೆ. “ನಾನ್ ಎಚ್ರವಾಗಿ ಕೂತಿರೋವಾಗ ಅದ್ಯಾಕೆ ಸುಮ್ಕೆ ಎದ್ದಿರ್ಬೇಕು? ಬಂದಿವ್ನಿ, ನೀನ್ ಮನೀಕೋ ಅಂತ ಗುಂಡಿ ಒತ್ತುಬುಡ್ತಿದ್ದೆ. ಉಣ್ಣಾಕೋ ನೀರಿಗೋ ಎದ್ದೋಗೋವಾಗ ಎಬ್ಬರಿಸ್ತಿದ್ದೆ. ಆವತ್ತು ಕಾವು ಏರ್ಸೋ ದಿನ, ಮದ್ಯಾನದಗಂಟ ನಾನ್ ಏಳ್ಲೇ ಇಲ್ಲ. ಅದೂ ಪಾಪ ಮನೀಕಂಡಿತ್ತು. ತಪ್ಪಾಯ್ತಾ?”

ಎಂಟು ಗಂಟೆ! ಒಲೆಯ ಮುಂದೆ ಎಂಟು ನಿಮಿಷ ನಿಂತು ಹಾಲು ಕಾಯಿಸಲಾಗದೆ ಉಕ್ಕಿಸುವವಳು ನಾನು. ಈ ಮನುಷ್ಯ ಉಣ್ಣದೆ, ಏಳದೆ, ಒಂದೊಂದೇ ಸೌದೆ ಮುಂದಕ್ಕೆ ತಳ್ಳುತ್ತ ಕೂತಿದ್ದ. ಪಕ್ಕದಲ್ಲಿದ್ದ ಊಟದ ಡಬ್ಬಿಗೆ ದಣಿವಾದೀತೆಂದು ಮಲಗಿಸಿಯೂ ಇದ್ದ. ನಾನು ಕಾವಲಿಗೆಂದು ಇಟ್ಟದ್ದನ್ನು ಅವನು ಜೊತೆಗಾರನನ್ನಾಗಿ ಮಾಡಿಕೊಂಡಿದ್ದ. ಇಷ್ಟು ವರ್ಷ ಅಳೆದವಳು ನಾನು. ಒಬ್ಬ ಮನುಷ್ಯನ ಎಚ್ಚರವನ್ನು ಅವತ್ತು ಮೊದಲ ಸಲ ಹಾಳೆಯ ಮೇಲೆ ಕಣ್ಣಾರೆ ಕಂಡೆ. ಅದಕ್ಕೆ ಚುಕ್ಕಿ ಇರಲಿಲ್ಲ.

“ತಪ್ಪೇನಿಲ್ಲ,” ಎಂದೆ. “ಆ ಖಾಲಿ ಜಾಗದಲ್ಲಿ ನೀನು ಕೂತಿದ್ದೆ ನಂಜಣ್ಣ.”

ಅವನು ಹಾಳೆಯನ್ನು ಸ್ವಲ್ಪ ದೂರ ಹಿಡಿದು ಮತ್ತೆ ನೋಡಿದ, ತನ್ನ ಫೋಟೋ ಚೆನ್ನಾಗಿ ಬಂದಿದೆಯೇ ಎಂದು ನೋಡುವವನ ಹಾಗೆ. ಮಹದೇವ ಅಲ್ಲಿಯವರೆಗೆ ಬೆನ್ನ ಹಿಂದೆ ಹಿಡಿದಿದ್ದ ಟಾರ್ಚನ್ನು ಮುಂದೆ ತಂದ. ಕ್ಷಮಿಸು ಎಂದು ಹೇಳುವ ಅಭ್ಯಾಸ ನಮ್ಮ ಮನೆಯ ಗಂಡಸರಿಗಿಲ್ಲ. “ಮುಂದಿನ ಸೊಪ್ಪು ಯಾವತ್ತು ಮುರಿಯೋದು ಅಂತ ಇನ್ಮ್ಯಾಕೆ ನೀನೇ ಹೇಳ್ಬುಡು,” ಎಂದ. ನಂಜಣ್ಣ ಟಾರ್ಚ್ ತೆಗೆದುಕೊಂಡು ಗುಂಡಿ ಒತ್ತಿ ನೋಡಿ, “ಸೆಲ್ಲು ಇಳ್ದೋಗೈತೆ, ಒಸ್ವು ತಕಂಬಾ,” ಎಂದ. ಮಹದೇವ ಅಂಗಡಿಗೆ ಹೊರಟ.

ಇನ್ನು ಮೇಲೆ ಡಬ್ಬಿಯನ್ನು ಆರಿಸಬೇಡ, ಅದಕ್ಕೆ ದಣಿವಾಗುವುದಿಲ್ಲ ಎಂದು ಬರುವಾಗ ನಂಜಣ್ಣನಿಗೆ ತಿಳಿಸಿ ಹೇಳಿದೆ. ಅವನು ಒಪ್ಪಿದ. ಒಪ್ಪಿ, “ಆದ್ರೆ ಅದು ಎದ್ದಿದ್ರೆ ನಂಗೆ ನಿದ್ದೆ ಬತ್ತದೆ ಕಣವ್ವ,” ಎಂದೂ ಸೇರಿಸಿದ. ಮುಂದಿನ ಬ್ಯಾರನ್ನಿನ ಸೊಪ್ಪು ಹೊಂಬಣ್ಣವಾಗಿ ಬಂತು. ಅದರ ಗ್ರಾಫನ್ನೂ ತೆಗೆದೆ. ಕಾವು ಏರುವ ದಿನದಂದು ಮತ್ತದೇ ಬಯಲು, ಈ ಸಲ ಒಂಬತ್ತು ಗಂಟೆ ಅಗಲ! ಎರಡು ದಡಗಳನ್ನೂ ಗೆರೆ ಎಳೆದು ಸೇರಿಸಿಕೊಡುವ ಸೌಕರ್ಯ ಪ್ರೋಗ್ರಾಂನಲ್ಲಿದೆ. ನಾನು ಅದನ್ನು ಮುಟ್ಟಲಿಲ್ಲ.

ಆ ಹಾಳೆಯನ್ನು ಮನೆಯ ಗೋಡೆಗೆ ಅಂಟಿಸಿದ್ದೇನೆ. ಅಡ್ಡ ಗೆರೆಯ ಕೆಳಗೆ ‘ಒಲೆ ಹಚ್ಚಿದಾಗಿನಿಂದ ಗಂಟೆ’ ಎಂದೂ, ಉದ್ದ ಗೆರೆಯ ಪಕ್ಕದಲ್ಲಿ ‘ಕಾವು’ ಎಂದೂ ದಪ್ಪಗೆ ಬರೆದಿದ್ದೇನೆ. ಬಯಲಿನ ನಡುವೆ ಕೆಂಪು ಪೆನ್ನಿನಲ್ಲಿ ‘ನಂಜಣ್ಣ’ ಎಂದು ಬರೆದೆ. ಬರೆದ ಮೇಲೂ ಪೆನ್ನು ಕೈಯಲ್ಲೇ ಇತ್ತು, ಹಳೆಯ ಚಾಳಿ. ಹೆಸರು ಬರೆಯದ ಗೆರೆಗಳಿಗೆ ಮೂವತ್ತು ವರ್ಷ ಅರ್ಧ ಅಂಕ ಕಳೆದಿದ್ದೆ. ಡಬ್ಬಿ ಏನೂ ಬರೆಯದೆ ಬಿಟ್ಟ ಜಾಗವೊಂದಕ್ಕೆ ಹತ್ತಕ್ಕೆ ಹತ್ತು ಕೊಟ್ಟದ್ದು ಅದೇ ಮೊದಲು.